ದೇವರಿದ್ದಾನೆ, ಪಾಠವಿದೆ, ತಪ್ಪು ತೋರಿಸುವವರು ಎಲ್ಲಿ?

ಅಮೆರಿಕದ ಅಡುಗೆಮನೆ ಮೇಜಿನಲ್ಲೊಂದು ಗಣಿತದ ತರಗತಿ

ಮುಕ್ಕಾಲಿಗೆ ಐದನೇ ಎರಡು ಭಾಗ ಕೂಡಿಸಿದರೆ ಎಷ್ಟು?

ಹುಡುಗಿ ಬರೆದಳು: 5/9.

ಹೇಗೆ ಬಂತು? ಮೇಲಿನ 3ಕ್ಕೆ 2 ಕೂಡಿಸಿದಳು, 5 ಆಯ್ತು. ಕೆಳಗಿನ 4ಕ್ಕೆ 5 ಕೂಡಿಸಿದಳು, 9 ಆಯ್ತು. ಕೂಡಿಸು ಅಂದರು, ಕೂಡಿಸಿದಳು. ಆದರೆ ಮುಕ್ಕಾಲು ಪಾವು ಅಕ್ಕಿಗೆ ಇನ್ನಷ್ಟು ಅಕ್ಕಿ ಸುರಿದ ಮೇಲೆ ಪಾತ್ರೆಯಲ್ಲಿ ಅರ್ಧ ಪಾವಿಗಿಂತ ಚೂರೇ ಹೆಚ್ಚು ಉಳಿಯಿತು ಅಂದರೆ ನಂಬುವವರುಂಟೇ? ಸರಿಯಾದ ಉತ್ತರ 23/20. ಒಂದು ಪಾವು, ಮೇಲೊಂದಿಷ್ಟು.

ಮಂಗಳೂರಿನ ಯಾವ ಶಾಲೆಯಲ್ಲೇ ಆಗಲಿ, ನಾಲ್ಕು ವರ್ಷ ಪಾಠ ಮಾಡಿದ ಮಾಷ್ಟ್ರು ಈ 5/9 ನೋಡಿದ ತಕ್ಷಣ ತಲೆ ಅಲ್ಲಾಡಿಸುತ್ತಾರೆ. "ಛೇದ ಒಂದೇ ಮಾಡಿಕೊಂಡಿದ್ದೀಯಾ?" ಅಂತ ಕೇಳುತ್ತಾರೆ. ಉತ್ತರ ತಪ್ಪು ಎಂಬುದು ಅವರಿಗೆ ದೊಡ್ಡ ವಿಷಯವಲ್ಲ. ಹುಡುಗಿಯ ತಲೆಯಲ್ಲಿ ಏನು ನಡೆಯಿತು ಎಂಬುದು ಆ ತಪ್ಪಿನಲ್ಲೇ ಬರೆದಿದೆ. ಓದಲು ಬಂದರೆ ಸಾಕು.

ಈಗ ಇದೇ ಹುಡುಗಿ ಟೆಕ್ಸಾಸ್ ರಾಜ್ಯದ ಒಂದು ಮನೆಯಲ್ಲಿ ಕೂತಿದ್ದಾಳೆ ಎಂದು ಇಟ್ಟುಕೊಳ್ಳಿ. ಅಡುಗೆಮನೆ ಮೇಜಿನ ಮೇಲೆ ಕಂಪ್ಯೂಟರ್. ಬೆಳಿಗ್ಗೆ ಪ್ರಾರ್ಥನೆ ಆಯ್ತು, ಬೈಬಲ್ ವಚನ ಆಯ್ತು. ಆಮೇಲೆ ಗಣಿತದ ವೀಡಿಯೊ. ಹುಡುಗಿ 5/9 ಎಂದು ಒತ್ತಿದಳು. ತೆರೆಯ ಮೇಲೆ ಕೆಂಪು ಗುರುತು. ಮತ್ತೆ ಒತ್ತಿದಳು. ಮತ್ತೆ ಕೆಂಪು. ಮೂರನೇ ಸಲ ಬಾಯಿಗೆ ಬಂದದ್ದನ್ನು ಒತ್ತಿದಳು. ಅಮ್ಮ ಪಕ್ಕದಲ್ಲೇ ಇದ್ದಾರೆ. ಆದರೆ ಅಮ್ಮನಿಗೂ ಭಿನ್ನರಾಶಿ ಮರೆತು ಇಪ್ಪತ್ತು ವರ್ಷ ಆಯ್ತು.

ಅಮೆರಿಕದ ಆನ್‌ಲೈನ್ ಕ್ರೈಸ್ತ ಶಾಲೆಗಳ ಬಗ್ಗೆ ವಾದ ಬಂದಾಗಲೆಲ್ಲ ಜನ ಧರ್ಮದ ಮಾತನ್ನೇ ಎತ್ತುತ್ತಾರೆ. ನಿಜವಾದ ಪ್ರಶ್ನೆ ಕೂತಿರುವುದು ಈ ಮೇಜಿನ ಮೇಲೆ.

ಇಲ್ಲಿಯ ಕ್ರೈಸ್ತ ಶಾಲೆ, ಅಲ್ಲಿಯ ಕ್ರೈಸ್ತ ಶಾಲೆ

ಕ್ರೈಸ್ತ ಶಾಲೆ ಅಂದರೆ ಈ ಜಿಲ್ಲೆಯ ಜನಕ್ಕೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಅಚ್ಚುಕೂಟ ಹಾಕಿದ್ದು 1841ರಲ್ಲಿ. ಜೆಸ್ವಿಟ್ ಪಾದ್ರಿಗಳು ಸೇಂಟ್ ಅಲೋಶಿಯಸ್ ಶುರು ಮಾಡಿದ್ದು 1880ರಲ್ಲಿ. ಇಂಥ ಶಾಲೆಗಳ ಬೆಂಚಿನಲ್ಲಿ ಬಂಟರ ಮಗ, ಬ್ಯಾರಿಗಳ ಮಗ, ಕೊಂಕಣಿಗರ ಮಗ ಒಟ್ಟಿಗೆ ಕೂತು ಮಗ್ಗಿ ಹೇಳಿದರು. ಶಾಲೆ ಪಾದ್ರಿಗಳದ್ದು, ಲೆಕ್ಕ ಎಲ್ಲರದ್ದು.

ಅಮೆರಿಕದ ಕಥೆ ಬೇರೆ. ಅಲ್ಲಿ ಶಾಲೆಯೇ ಬೆಂಚು ಬಿಟ್ಟು ಮನೆಗೆ ಬಂದಿದೆ. ಗಂಟೆಯಿಲ್ಲ, ಪಕ್ಕದವನ ಪಟ್ಟಿ ಇಣುಕಲು ಪಕ್ಕದವನೇ ಇಲ್ಲ. ಕರಾವಳಿಯ ಎಷ್ಟೋ ಕುಟುಂಬಗಳ ಮಗ, ಸೊಸೆ, ಮೊಮ್ಮಕ್ಕಳು ಅಲ್ಲಿದ್ದಾರೆ. ಅಕ್ಕಪಕ್ಕದ ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವುದನ್ನು ಕಣ್ಣಾರೆ ಕಾಣುತ್ತಾರೆ. ಹಾಗಾಗಿ ವಿಷಯ ದೂರದ್ದಾದರೂ ಜಗಲಿಗೆ ಬರುವಂಥದ್ದೇ.

ಶಾಲೆ ಬಿಟ್ಟು ಬಂದದ್ದೇಕೆ?

1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸರ್ಕಾರಿ ಶಾಲೆಯಲ್ಲಿ ಸರ್ಕಾರವೇ ಬರೆದುಕೊಟ್ಟ ಪ್ರಾರ್ಥನೆ ಹೇಳಿಸುವುದು ತಪ್ಪು ಎಂದಿತು. 1963ರಲ್ಲಿ, ಶಾಲೆಯೇ ನಡೆಸುವ ಬೈಬಲ್ ಪಠಣಕ್ಕೂ ತಡೆ ಬಿತ್ತು. ಶ್ರದ್ಧಾವಂತರಲ್ಲಿ ಅನೇಕರು ಸಿಟ್ಟಾದರು. ಕಪ್ಪು ಜನರ ಮಕ್ಕಳನ್ನೂ ಬಿಳಿಯರ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂರಿಸಬೇಕೆಂಬ 1954ರ ತೀರ್ಪು ರುಚಿಸದೆ ಬೇರೆ ಶಾಲೆ ಕಟ್ಟಿಕೊಂಡವರೂ ಇದ್ದರು. ಅದನ್ನೂ ಮುಚ್ಚಿಡುವಂತಿಲ್ಲ.

1980ರ ದಶಕದಲ್ಲಿ ಮನೆಪಾಠದ ಹೋರಾಟ ಜೋರಾಯ್ತು. 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಅದು ಕಾನೂನುಬದ್ಧ. 1999ರಲ್ಲಿ ಮನೆಯಲ್ಲಿ ಓದುವ ಮಕ್ಕಳು ಸುಮಾರು 8.5 ಲಕ್ಷ ಎಂದು ಅಲ್ಲಿಯ ಸರ್ಕಾರ ಅಂದಾಜು ಮಾಡಿತು. 2016ರಲ್ಲಿ ಸುಮಾರು 17 ಲಕ್ಷ. ಕೊರೊನಾ ವರ್ಷ 2020ರಲ್ಲಂತೂ, ಮನೆಪಾಠ ಮಾಡುತ್ತೇವೆಂದ ಕುಟುಂಬಗಳ ಪಾಲು ಬೇಸಿಗೆಗೆ ಮುಂಚಿನ ಶೇಕಡಾ 5.4ರಿಂದ ಅಕ್ಟೋಬರ್ ಹೊತ್ತಿಗೆ 11.1ಕ್ಕೆ ಏರಿತು. ಇವರೆಲ್ಲ ಕ್ರೈಸ್ತ ಶಾಲೆಯವರಲ್ಲ. ಆದರೆ ಮನೆಪಾಠದ ಪುಸ್ತಕ, ವೀಡಿಯೊ, ಪರೀಕ್ಷೆ ಮಾರುವ ಅಂಗಡಿಗಳಲ್ಲಿ ಕ್ರೈಸ್ತ ಸಂಸ್ಥೆಗಳದ್ದು ದೊಡ್ಡ ಪಾಲು.

ಅಮ್ಮನ ಧೈರ್ಯ ಐದನೇ ಕ್ಲಾಸಿನವರೆಗೆ

ಐದನೇ ಕ್ಲಾಸಿನವರೆಗೆ ಅಮ್ಮನೇ ಟೀಚರ್. ಕೂಡಿಸು, ಕಳೆ, ಗುಣಿಸು, ಭಾಗಿಸು. ಅದೇನು ಮಹಾ! ಆರರಿಂದ ಎಂಟರವರೆಗೆ ಬಂತು ನೋಡಿ ತಾಪತ್ರಯ. ಭಿನ್ನರಾಶಿ, ಅನುಪಾತ, ಶೇಕಡಾ, ಋಣ ಸಂಖ್ಯೆ, ಕೊನೆಗೆ ಅಂಕಿ ಇರಬೇಕಾದ ಜಾಗದಲ್ಲಿ ಎಕ್ಸ್ ಎಂಬ ಅಕ್ಷರ. ಇತಿಹಾಸವನ್ನು ಅಮ್ಮನೂ ಮಗುವೂ ಒಟ್ಟಿಗೆ ಓದಿಕೊಳ್ಳಬಹುದು. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಸಂಖ್ಯೆ ಯಾಕೆ ಬರುತ್ತದೆ ಎಂದು ಮಗು ಕೇಳಿದರೆ "ಹಾಗೇ ಬರುತ್ತೆ, ಬರಿ" ಅನ್ನದೆ ದಾರಿಯಿಲ್ಲ.

ಹಾಗಾಗಿ ಉಳಿದ ವಿಷಯ ಮನೆಯಲ್ಲೇ ಇಟ್ಟುಕೊಂಡು ಗಣಿತವೊಂದನ್ನೇ ಆನ್‌ಲೈನ್ ಶಾಲೆಗೆ ಒಪ್ಪಿಸುವವರೂ ಇದ್ದಾರೆ.

ಇಲ್ಲಿ ಎಡವಿದರೆ ನಷ್ಟ ಸಣ್ಣದಲ್ಲ. ಅಲ್ಲಿಯ ಪದ್ಧತಿಯಲ್ಲಿ ಮೊದಲ ಬೀಜಗಣಿತ ಒಂದು ವರ್ಷ, ರೇಖಾಗಣಿತ ಇನ್ನೊಂದು ವರ್ಷ, ಎರಡನೇ ಬೀಜಗಣಿತ ಮತ್ತೊಂದು ವರ್ಷ. ಏಣಿಯ ಮೆಟ್ಟಿಲು ಇದ್ದ ಹಾಗೆ. ಭಿನ್ನರಾಶಿ ಬಾರದವನಿಗೆ ಬೀಜಗಣಿತ ಬಾರದು. ಬೀಜಗಣಿತ ಬಾರದವನಿಗೆ ಎಂಜಿನಿಯರಿಂಗು, ವಿಜ್ಞಾನ ಎಲ್ಲ ಬಾಗಿಲು ಹಾಕಿದ ಮನೆ. ಆ ಬಾಗಿಲು ಮುಚ್ಚುವುದು ಹನ್ನೆರಡನೇ ವಯಸ್ಸಿನಲ್ಲಿ, ಸದ್ದಿಲ್ಲದೆ. ಗೊತ್ತಾಗುವುದು ಹದಿನೆಂಟರಲ್ಲಿ.

ಮೂರು ಬಗೆಯ ಮಾಷ್ಟ್ರು

ಒಂದನೆಯದು ಪುಸ್ತಿಕೆಯ ದಾರಿ. 1970ರಲ್ಲಿ ಟೆಕ್ಸಾಸಿನಲ್ಲಿ ಶುರುವಾದ ಆಕ್ಸಲರೇಟೆಡ್ ಕ್ರಿಶ್ಚಿಯನ್ ಎಜುಕೇಶನ್ ಎಂಬ ಸಂಸ್ಥೆ, ವರ್ಷದ ಪಾಠವನ್ನು ವಿಷಯಕ್ಕೆ 12ರಂತೆ ಸಣ್ಣ ಪುಸ್ತಿಕೆ ಮಾಡಿತು. ಅದರ ಶಾಲೆಗಳಲ್ಲಿ ಮಗು ತಾನೇ ಓದಬೇಕು, ತಾನೇ ಬರೆಯಬೇಕು, ಉತ್ತರದ ಪುಸ್ತಕ ನೋಡಿ ತಾನೇ ತಿದ್ದಿಕೊಳ್ಳಬೇಕು. ಅನುಮಾನ ಬಂದರೆ ಮೇಜಿನ ಮೇಲೆ ಪುಟ್ಟ ಬಾವುಟ ಏರಿಸಬೇಕು. ನೂರಕ್ಕೆ 80 ಬಂದರೆ ಮುಂದಿನ ಪುಸ್ತಿಕೆ. ಆನ್‌ಲೈನ್ ಪಾಠಗಳಲ್ಲಿ ಈ ತಾನೇ ತಿದ್ದುವ ಕೆಲಸವನ್ನು ಯಂತ್ರ ಮಾಡುತ್ತದೆ. ಬಾವುಟ ಮಾತ್ರ ಎಲ್ಲ ಕಡೆ ಇಲ್ಲ.

ಎರಡನೆಯದು ವೀಡಿಯೊ. ಫ್ಲಾರಿಡಾದ ಪೆನ್ಸಕೋಲದ ಅಬೆಕಾ ಸಂಸ್ಥೆ ಇದರಲ್ಲಿ ಹಳೇ ಹುಲಿ. 1954ರಲ್ಲಿ ಅಲ್ಲಿ ಕ್ರೈಸ್ತ ಶಾಲೆ ತೆರೆದ ದಂಪತಿಗಳು 1972ರಲ್ಲಿ ಪುಸ್ತಕ ಪ್ರಕಟಣೆ ಶುರು ಮಾಡಿದರು. ಶಾಲೆಯ ಪಾಠವನ್ನೇ ಕ್ಯಾಸೆಟ್ಟಿನಲ್ಲಿ ಹಿಡಿದು ಮನೆಮನೆಗೆ ಕಳಿಸಿದರು. ಆಮೇಲೆ ಡಿವಿಡಿ, ಆಮೇಲೆ ಇಂಟರ್‌ನೆಟ್. ಪಾಠ ಚೆನ್ನಾಗಿಯೇ ಇರುತ್ತದೆ. ಅರ್ಥವಾಗದಿದ್ದರೆ ಹತ್ತು ಸಲ ನೋಡಬಹುದು. ಆದರೆ ಹತ್ತು ಸಲವೂ ಟೀಚರ್ ಅದೇ ಮಾತು ಹೇಳುತ್ತಾರೆ. ತೆರೆಯೊಳಗಿನ ಮಕ್ಕಳು ಕೈಯೆತ್ತಿದರೆ ಉತ್ತರ ಸಿಗುತ್ತದೆ. ಮನೆಯ ಮಗು ಕೈಯೆತ್ತಿದರೆ ಯಾರಿಗೆ ಕಾಣಬೇಕು?

ಮೂರನೆಯದು ನೇರ ತರಗತಿ. ಹೊತ್ತಿಗೆ ಸರಿಯಾಗಿ ಮಕ್ಕಳೆಲ್ಲ ತೆರೆಯ ಮುಂದೆ ಹಾಜರು, ಆ ಕಡೆ ಜೀವಂತ ಮಾಷ್ಟ್ರು. "ನೀನು ಹೇಳಮ್ಮಾ, ಈ 9 ಎಲ್ಲಿಂದ ಬಂತು?" ಎಂದು ಅವರು ಕೇಳಬಲ್ಲರು. ಇದಕ್ಕೆ ಖರ್ಚು ಜಾಸ್ತಿ. ಆದರೆ ಆ ಒಂದು ಪ್ರಶ್ನೆಗೇ ಕೊಟ್ಟ ದುಡ್ಡು ಅದು.

ಇವರೆಲ್ಲರ ನಡುವೆ ಹೆಸರು ಮಾಡಿದ ಇನ್ನೊಬ್ಬ ಮಾಷ್ಟ್ರು ಜಾನ್ ಸ್ಯಾಕ್ಸನ್. ವಾಯುಪಡೆಯಿಂದ ನಿವೃತ್ತರಾಗಿ ಒಕ್ಲಾಹೋಮದ ಜೂನಿಯರ್ ಕಾಲೇಜಿನಲ್ಲಿ ಬೀಜಗಣಿತ ಕಲಿಸುತ್ತಿದ್ದವರು. 1981ರಲ್ಲಿ ಸ್ವಂತ ಪ್ರಕಾಶನ ಕಟ್ಟಿದರು. ದಿನಕ್ಕೆ ಹೊಸದು ಒಂದು ಚೂರು, ಅದರ ಜೊತೆಗೆ ಹಳೆಯದನ್ನೆಲ್ಲ ಬೆರೆಸಿದ ರಾಶಿ ಲೆಕ್ಕ. ಇದು ಅವರ ಪದ್ಧತಿ. ಪುಸ್ತಕ ಮತದ್ದಲ್ಲ. ಆದರೂ ಕ್ರೈಸ್ತ ಮನೆಪಾಠದವರು ಅದನ್ನು ಎದೆಗೊತ್ತಿಕೊಂಡರು. ದಿನಾ ಮಗ್ಗಿ ಹೇಳಿಸುತ್ತಿದ್ದ ಹಳೇ ಐಗಳಿಗೆ ಇದು ಹೊಸ ವಿಷಯ ಅನ್ನಿಸುತ್ತಿರಲಿಲ್ಲ ಬಿಡಿ!

ಬೈಬಲ್ಲಿಗೂ ಬೀಜಗಣಿತಕ್ಕೂ ಏನು ಸಂಬಂಧ?

ಈ ಪ್ರಶ್ನೆ ಕೇಳದವರಿಲ್ಲ. ಜೀವಶಾಸ್ತ್ರದ ಪುಸ್ತಕದಲ್ಲಿ ಮನುಷ್ಯ ಹೇಗೆ ಬಂದ ಎಂಬ ಜಗಳ ಇದ್ದೇ ಇದೆ. ಗಣಿತದಲ್ಲಿ ಅದು ಕಡಿಮೆ. ಅಂಕಿಗಳ ಕ್ರಮ ಸೃಷ್ಟಿಕರ್ತನ ಕ್ರಮ ಎಂದು ಮುನ್ನುಡಿಯಲ್ಲಿ ಒಂದು ಮಾತು ಬರಬಹುದು. ಶೇಕಡಾ ಲೆಕ್ಕದಲ್ಲಿ ಸಂಬಳದ ಹತ್ತನೇ ಒಂದು ಭಾಗ ಚರ್ಚಿಗೆ ಕೊಟ್ಟರೆ ಉಳಿದದ್ದೆಷ್ಟು ಎಂದು ಕೇಳಬಹುದು. ಅಷ್ಟೇ. ಏಳೆಂಟಲೆ ಐವತ್ತಾರು. ಅದು ಇಗರ್ಜಿಯಲ್ಲೂ ಐವತ್ತಾರು, ಮಸೀದಿಯಲ್ಲೂ ಐವತ್ತಾರು, ಮಠದಲ್ಲೂ ಐವತ್ತಾರು.

ಹಾಗಾದರೆ ತಪ್ಪಿದ ಲೆಕ್ಕ ಹಿಡಿಯುವ ಸರ್ಕಾರಿ ಕಣ್ಣು ಇದೆಯೇ? ಅದು ರಾಜ್ಯಕ್ಕೊಂದು ತರ. ನ್ಯೂಯಾರ್ಕಿನಲ್ಲಿ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು, ವರ್ಷಕ್ಕೊಮ್ಮೆ ಮೌಲ್ಯಮಾಪನ ಆಗಬೇಕು. ಟೆಕ್ಸಾಸಿನಲ್ಲಿ ಗಣಿತ ಕಲಿಸಬೇಕು ಎಂಬ ನಿಯಮ ಉಂಟು, ಕಲಿತರೋ ಎಂದು ನೋಡುವ ಪರೀಕ್ಷೆ ಇಲ್ಲ. ಹೊಣೆಯೆಲ್ಲ ಅಪ್ಪ ಅಮ್ಮನ ಮೇಲೆ.

ಹೊಣೆ ಹೊತ್ತವರ ಮನೆಯಲ್ಲೇ ಉತ್ತರದ ಪುಸ್ತಕವೂ ಇರುತ್ತದೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೂ 2014ರಿಂದ ಫೋನಿಗೆ ಬಂದ ಆ್ಯಪ್‌ಗಳಿವೆ. ಲೆಕ್ಕದ ಫೋಟೋ ಹಿಡಿದರೆ ಹೆಜ್ಜೆ ಹೆಜ್ಜೆಯಾಗಿ ಉತ್ತರ ಬರುತ್ತದೆ. ನೂರಕ್ಕೆ ನೂರು ಬಂತು, ಅಮ್ಮ ಸಂತೋಷದಿಂದ ಕೇಕು ಮಾಡಿದರು. ಲೆಕ್ಕ ಮಾಡಿದ್ದು ಮಾತ್ರ ಫೋನು.

ಊರಿಗೆ ಮರಳಿದ ಮೇಲೆ

ಅಲ್ಲಿ ಹೀಗೆ ಓದಿದ ಮಗು ಅಪ್ಪನ ಕೆಲಸ ಮುಗಿದು ಕರಾವಳಿಗೆ ಮರಳಿತು ಅನ್ನಿ. 14 ವರ್ಷದೊಳಗಿನ ಮಗುವಿಗೆ ವಯಸ್ಸಿಗೆ ತಕ್ಕ ತರಗತಿ ಕೊಡಬೇಕು ಎಂಬುದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಧೋರಣೆ. ಶಾಲೆಗೆ ಸೇರಿಕೊಳ್ಳಲು ಆಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. 14 ತುಂಬಿದರೆ ಹತ್ತನೇ ತರಗತಿ ಮಟ್ಟದ ಪರೀಕ್ಷೆಗೆ ನೋಂದಾಯಿಸಬಹುದು.

ಸೀಟು ಸಿಕ್ಕಿತು. ಲೆಕ್ಕ? ಅಲ್ಲಿ ಇಂಚು, ಅಡಿ, ಪೌಂಡು. ಇಲ್ಲಿ ಸೆಂಟಿಮೀಟರ್, ಕಿಲೋ. ಅಲ್ಲಿ ಮಗ್ಗಿ ಸಾಮಾನ್ಯವಾಗಿ ಹನ್ನೆರಡಕ್ಕೆ ನಿಲ್ಲುತ್ತದೆ. ಇಲ್ಲಿ ಅಜ್ಜ ಹತ್ತೊಂಬತ್ತರ ಮಗ್ಗಿ ಕೇಳುತ್ತಾರೆ. ಅಲ್ಲಿ ಬೀಜಗಣಿತ, ರೇಖಾಗಣಿತ ಬೇರೆ ಬೇರೆ ವರ್ಷ. ಇಲ್ಲಿ ಏಳು, ಎಂಟರ ಒಂದೇ ಪುಸ್ತಕದಲ್ಲಿ ಪೂರ್ಣಾಂಕವೂ ಉಂಟು, ಸಮೀಕರಣವೂ ಉಂಟು, ತ್ರಿಭುಜವೂ ಉಂಟು. ಇದೆಲ್ಲ ಆರು ತಿಂಗಳಲ್ಲಿ ಸರಿಹೋದೀತು. 5/9 ಎಂಬ ತಪ್ಪು ಒಳಗೇ ಗಟ್ಟಿಯಾಗಿದ್ದರೆ ಆರು ತಿಂಗಳು ಸಾಲದು.

ನಗುವ ಹಾಗಿಲ್ಲ

ಅಮೆರಿಕದವರನ್ನು ನೋಡಿ ನಗಲು ಇಲ್ಲಿಯವರಿಗೂ ಹಕ್ಕಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಐದನೇ ತರಗತಿಯವರೆಗೆ, ಆಮೇಲೆ ಏಳರವರೆಗೆ ಆನ್‌ಲೈನ್ ಪಾಠ ಬೇಡ ಎಂದಿತು. ಜುಲೈ 8ರಂದು ಹೈಕೋರ್ಟು ಆ ಆದೇಶಗಳಿಗೆ ತಡೆ ಕೊಟ್ಟಿತು. ಪಾಠ ನಡೆಯಿತು. ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು. ಪಟ್ಟಣದ ಮಕ್ಕಳು ಕ್ಯಾಮೆರಾ ಆಫ್ ಮಾಡಿ ತಿಂಡಿ ತಿಂದರು. "ಅರ್ಥ ಆಯ್ತಾ?" "ಆಯ್ತು ಮಿಸ್." ಆದದ್ದು ಎಷ್ಟು ಎಂಬುದು ಮತ್ತೆ ಶಾಲೆಯ ಬಾಗಿಲು ತೆರೆದಾಗ ಮಾಷ್ಟ್ರುಗಳಿಗೆ ಗೊತ್ತಾಯಿತು.

ಹಾಗಾಗಿ ಫೋನಿನಲ್ಲಿ ಮಗಳು "ಅಪ್ಪಾ, ಇಲ್ಲಿ ಮನೆಯಲ್ಲೇ ಓದಿಸುವ ಒಳ್ಳೇ ಶಾಲೆಯೊಂದಿದೆ" ಎಂದರೆ, ಅದು ಯಾವ ಮತದ್ದು, ಫೀಸು ಎಷ್ಟು ಎಂದು ಕೇಳುವುದು ಇರಲಿ. ಮೊದಲು ಇಷ್ಟು ಕೇಳಬೇಕು. ಮಗು ಲೆಕ್ಕ ಮಾಡಿದ ಕಾಗದವನ್ನು ಯಾರಾದರೂ ನೋಡುತ್ತಾರೋ, ಬರೇ ಉತ್ತರ ನೋಡುತ್ತಾರೋ? ತಿಳಿಯದಾಗ ಮಾತಾಡಲು ಮನುಷ್ಯರು ಸಿಗುತ್ತಾರೋ, ಅದೇ ವೀಡಿಯೊ ಮತ್ತೆ ಓಡುತ್ತದೋ? ಪರೀಕ್ಷೆಯ ಹೊತ್ತಿಗೆ ಪಕ್ಕದಲ್ಲಿ ಕೂರುವವರು ಯಾರು?

ಇದಕ್ಕೆ ಸರಿಯಾದ ಉತ್ತರ ಇರುವ ಆನ್‌ಲೈನ್ ಶಾಲೆಯಲ್ಲಿ ಓದಿದ ಮಗು ಚೆನ್ನಾಗಿಯೇ ಕಲಿಯುತ್ತದೆ. ಉತ್ತರ ಇಲ್ಲದ ಶಾಲೆಗೆ ಕಟ್ಟಡ, ಬೆಂಚು, ಗಂಟೆ ಎಲ್ಲ ಇದ್ದರೂ ಅಷ್ಟಕ್ಕಷ್ಟೇ. ಅರುವತ್ತು ಮಕ್ಕಳ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಯ 5/9 ಕೂಡ ಯಾರ ಕಣ್ಣಿಗೂ ಬೀಳದೆ ಹೋಗುವುದುಂಟು.

ಪ್ರಾರ್ಥನೆ ಮಾಡಿ ಲೆಕ್ಕಕ್ಕೆ ಕೂತರೆ ತಪ್ಪೇನಿಲ್ಲ. ಆದರೆ ಛೇದ ಒಂದೇ ಮಾಡಿಕೊಳ್ಳಬೇಕು ಎಂದು ಪಕ್ಕದಲ್ಲಿ ಕೂತು ಹೇಳಲು ಒಬ್ಬ ಮನುಷ್ಯ ಬೇಕೇ ಬೇಕು.