ಲಾಕಪ್ಪಿನೊಳಗಿನ ರೋಗಿ

ವರ್ಷಾನುಗಟ್ಟಲೆ ಪ್ರತಿದಿನವೂ ಮದ್ಯಪಾನ ಮಾಡಿ ಅದಕ್ಕೇ ಒಗ್ಗಿಹೋದ ಮನುಷ್ಯನೊಬ್ಬನನ್ನು ಪೊಲೀಸರು ಹಿಡಿದು ತಂದು ಠಾಣೆಯ ಲಾಕಪ್ಪಿನಲ್ಲಿ ಕೂಡಿಹಾಕಿದಾಗ, ಅವನ ಅಪರಾಧದ ವಿಚಾರಣೆಯು ಆರಂಭವಾಗುವುದಕ್ಕೆ ಮುನ್ನವೇ ಅವನ ಶರೀರದಲ್ಲಿ ಬೇರೊಂದು ವ್ಯಾಪಾರವು ಮೊದಲಾಗುತ್ತದೆ. ಕಡೆಯ ಗುಟುಕು ಇಳಿದ ಕೆಲವೇ ಗಂಟೆಗಳಲ್ಲಿ ಕೈಗಳು ನಡುಗತೊಡಗುವುವು. ಮೈ ಬೆವರುವುದು, ನಿದ್ರೆ ಹಾರುವುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುವುದುಂಟು. 48ರಿಂದ 72 ಗಂಟೆಗಳ ಹೊತ್ತಿಗೆ, ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ, ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಾಡಿದಂತೆ ತೋರುವ ಘೋರ ಚಿತ್ತಭ್ರಮೆಯು ಆವರಿಸಿ, ಚಿಕಿತ್ಸೆಯಿಲ್ಲದಿದ್ದಲ್ಲಿ ಪ್ರಾಣವನ್ನೇ ಅಪಹರಿಸಬಲ್ಲದು. ಇದನ್ನು ನಟನೆಯೆಂದೋ ಪುಂಡಾಟವೆಂದೋ ಭಾವಿಸಿ ಗದರಿಸುವುದು ಅಜ್ಞಾನ. ನನ್ನ ದೃಷ್ಟಿಯಲ್ಲಿ ಕ್ರೌರ್ಯವೂ ಹೌದು. ತಲೆಗೆ ಪೆಟ್ಟುಬಿದ್ದು ತೊದಲುವವನನ್ನೂ, ಬಾಯಿಂದ ವಾಸನೆ ಬರುತ್ತಿದೆಯೆಂಬ ಕಾರಣಕ್ಕಾಗಿ, ಕುಡಿದು ಮಲಗಿದ್ದಾನೆಂದು ಬಿಟ್ಟುಬಿಡುವ ಭಯವಿದೆ.

ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ, ಬಂಧನದಲ್ಲಿರುವವನನ್ನು 48 ಗಂಟೆಗಳಿಗೊಮ್ಮೆ ವೈದ್ಯರಿಂದ ಪರೀಕ್ಷಿಸಬೇಕೆಂದು ವಿಧಿಸಿತು. ಆದರೆ ಮದ್ಯವ್ಯಸನಿಯ ಮಟ್ಟಿಗೆ ಅಷ್ಟು ಕಾಯುವುದೇ ಅಪಾಯ. ಬಂಧಿಸಿದ ಬಳಿಕ ಬೇಗನೆ ಆಗಬೇಕೆಂದು ಕಾನೂನು ಹೇಳುವ ವೈದ್ಯಕೀಯ ಪರೀಕ್ಷೆಯಲ್ಲಿ, ಕಡೆಯ ಬಾರಿ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ವಿಚಾರಿಸಿದಲ್ಲಿ, ಡಯಾಜೆಪಾಮ್‌ನಂಥ ಔಷಧವನ್ನೂ ಥಯಾಮಿನ್ ಎಂಬ ಜೀವಸತ್ವವನ್ನೂ ಸಕಾಲದಲ್ಲಿ ಕೊಡಲು ಸಾಧ್ಯವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ 10 ಪ್ರಶ್ನೆಗಳ ಪಟ್ಟಿಯೊಂದು ಕುಡಿತದ ತೀವ್ರತೆಯನ್ನು ಅಳೆಯಲು ನೆರವಾಗುತ್ತದೆ. ಅದಕ್ಕೆ ಕೆಲವೇ ನಿಮಿಷಗಳು ಸಾಕು.

ಬಂಧಿತರ ಮನೆಯವರಲ್ಲಿ ನನ್ನ ಬಿನ್ನಹವಿದು: ಅವನ ಕುಡಿತದ ಸಂಗತಿಯನ್ನು ನಾಚಿಕೆಯಿಂದ ಮುಚ್ಚಿಡದೆ, ಠಾಣಾಧಿಕಾರಿಗೂ ವೈದ್ಯರಿಗೂ ಅಂದೇ ತಿಳಿಸಿರಿ.