ಭಾರರಾಹಿತ್ಯವೂ ಮಿದುಳೂ: ಕಲಿಕೆ ಮತ್ತು ಸ್ಮೃತಿಯ ವಿಚಾರ

ಅಂತರಿಕ್ಷದಲ್ಲಿ ಗುರುತ್ವಾಕರ್ಷಣೆ ಇಲ್ಲ, ಆದಕಾರಣ ಅಲ್ಲಿ ಮನುಷ್ಯನು ತೇಲುತ್ತಾನೆ ಎಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಬರೆಯುವುದುಂಟು. ಇದು ಸರಿಯಲ್ಲ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವು ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಿಂದ ಭೂಮಿಯನ್ನು ಸುತ್ತುತ್ತದೆ. ಆ ಎತ್ತರದಲ್ಲಿಯೂ ಭೂಮಿಯ ಸೆಳೆತವು ನೆಲದ ಮೇಲಿನದರಲ್ಲಿ ನೂರಕ್ಕೆ ಸುಮಾರು ತೊಂಬತ್ತರಷ್ಟು ಇದ್ದೇ ಇರುತ್ತದೆ. ನಿಲ್ದಾಣವೂ ಅದರೊಳಗಿನ ಮನುಷ್ಯನೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ; ಪಕ್ಕಕ್ಕೆ ಸಾಗುವ ವೇಗವು ಅಷ್ಟಿರುವುದರಿಂದ ನೆಲವನ್ನು ಮುಟ್ಟುವುದಿಲ್ಲ, ಅಷ್ಟೆ. ತಳದಲ್ಲಿ ತೂತು ಮಾಡಿದ ಡಬ್ಬಿಗೆ ನೀರು ತುಂಬಿ ಎತ್ತರದಿಂದ ಕೈಬಿಟ್ಟರೆ, ಡಬ್ಬಿ ಬೀಳುತ್ತಿರುವಷ್ಟು ಹೊತ್ತು ತೂತಿನಿಂದ ನೀರು ಸುರಿಯುವುದಿಲ್ಲ. ಭಾರರಾಹಿತ್ಯವೆಂದರೇನೆಂಬುದನ್ನು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಸುಲಭವಾದ ಪ್ರಯೋಗವಿಲ್ಲ.

ನಮ್ಮ ಮಿದುಳು ಹುಟ್ಟಿದಂದಿನಿಂದ ತೂಕದ ನಡುವೆಯೇ ಬೆಳೆದುದು. ಮಗು ತಲೆ ನಿಲ್ಲಿಸುವುದು, ಬೋರಲಾಗುವುದು, ಅಂಬೆಗಾಲಿಡುವುದು, ಎದ್ದು ನಿಲ್ಲುವುದು ಇವೆಲ್ಲ ಭೂಮಿಯ ಸೆಳೆತದೊಡನೆ ಕಲಿತ ಮೊದಲ ಪಾಠಗಳು. ಅಕ್ಷರಾಭ್ಯಾಸಕ್ಕೆ ಎಷ್ಟೋ ಮುಂಚೆಯೇ ಈ ಅಭ್ಯಾಸ ಮುಗಿದಿರುವುದರಿಂದ ಅದನ್ನು ಯಾರೂ ವಿದ್ಯೆಯೆಂದು ಎಣಿಸುವುದಿಲ್ಲ. ಆ ಸೆಳೆತದ ಅನುಭವ ಒಮ್ಮೆಗೇ ತಪ್ಪಿಹೋದರೆ ಮಿದುಳಿನ ಗತಿಯೇನು? ಕಲಿತದ್ದು ಉಳಿಯುತ್ತದೆಯೆ? ಹೊಸದನ್ನು ಕಲಿಯಲು ಸಾಧ್ಯವೆ? ಉಪಾಧ್ಯಾಯರಾದ ನಮಗೆ ಈ ಪ್ರಶ್ನೆಗಳು ಕೇವಲ ಕುತೂಹಲದವಲ್ಲ.

ಮೊದಲು ಕಿವಿಯ ವಿಚಾರ. ಒಳಗಿವಿಯಲ್ಲಿ ಎರಡು ಪುಟ್ಟ ಚೀಲಗಳುಂಟು. ಅವುಗಳೊಳಗೆ ಲೋಳೆಯಂತಹ ಪೊರೆಯ ಮೇಲೆ ಸುಣ್ಣದ ಸಣ್ಣ ಹರಳುಗಳು ಕುಳಿತಿರುತ್ತವೆ. ತಲೆ ಬಾಗಿದಾಗ ಹರಳುಗಳು ತಮ್ಮ ತೂಕದಿಂದ ಜರುಗಿ, ಕೆಳಗಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತವೆ. ಮೇಲೆ ಯಾವುದು, ಕೆಳಗೆ ಯಾವುದು ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಭಾರವಿಲ್ಲದೆಡೆ ಈ ಸುದ್ದಿ ಬರುವುದಿಲ್ಲ. ಆದರೆ ತಲೆ ತಿರುಗಿದುದನ್ನು ತಿಳಿಸುವ ಅರ್ಧವೃತ್ತಾಕಾರದ ನಾಳಗಳು ಎಂದಿನಂತೆ ಕೆಲಸಮಾಡುತ್ತವೆ. ಕಣ್ಣಿನ ಸಾಕ್ಷ್ಯ ಒಂದು, ಕಿವಿಯ ಸಾಕ್ಷ್ಯ ಇನ್ನೊಂದು. ಇದರ ಫಲವಾಗಿ ವಾಕರಿಕೆ, ತಲೆಸುತ್ತು ಉಂಟಾಗುತ್ತವೆ. 1961ರ ಆಗಸ್ಟಿನಲ್ಲಿ ಒಂದು ದಿನಕ್ಕಿಂತ ತುಸು ಹೆಚ್ಚು ಕಾಲ ಭೂಮಿಯನ್ನು ಸುತ್ತಿದ ರಷ್ಯದ ಗೆರ್ಮನ್ ಟಿಟೋವ್ ಈ ಬಾಧೆಯನ್ನು ಅನುಭವಿಸಿದ ಮೊದಲಿಗರು. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಇದು ಶಮನವಾಗುತ್ತದೆ. ಶಮನವಾಗುವುದೆಂದರೆ ಹರಳುಗಳು ಮತ್ತೆ ಕೆಲಸಕ್ಕೆ ತೊಡಗಿದವು ಎಂದಲ್ಲ. ಆ ಸಾಕ್ಷಿಯನ್ನು ಬದಿಗಿಟ್ಟು ಕಣ್ಣನ್ನೇ ನಂಬುವುದನ್ನು ಮಿದುಳು ಕಲಿತುಕೊಂಡಿತು ಎಂದರ್ಥ.

ಎರಡನೆಯದು ಮಿದುಳಿನ ಆಕಾರದ ವಿಚಾರ. ನೆಲದ ಮೇಲೆ ಕಾಲುಗಳ ಕಡೆಗೆ ಎಳೆಯಲ್ಪಡುವ ರಕ್ತಾದಿ ದ್ರವಗಳು ಅಂತರಿಕ್ಷದಲ್ಲಿ ತಲೆಯ ಕಡೆಗೆ ಸರಿಯುತ್ತವೆ. ಮುಖ ಊದಿಕೊಳ್ಳುತ್ತದೆ, ಕಾಲುಗಳು ಸಣಕಲಾಗುತ್ತವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಾತ್ರಿಗಳ ಮಿದುಳಿನ ಎಂ.ಆರ್.ಐ. ಚಿತ್ರಗಳನ್ನು ಯಾನದ ಮೊದಲೂ ಅನಂತರವೂ ತೆಗೆದು ಹೋಲಿಸಿ ನೋಡಲಾಯಿತು. ದೀರ್ಘಯಾನ ಮಾಡಿದ 18 ಮಂದಿಯ ಪೈಕಿ 17 ಮಂದಿಯಲ್ಲಿ ಮಿದುಳಿನ ನಡುವಣ ಮಡಿಕೆಯ ಸಂದು ಕಿರಿದಾಗಿತ್ತು. ಅಲ್ಪಕಾಲ ಹೋಗಿಬಂದ 16 ಮಂದಿಯಲ್ಲಿ ಮೂವರಿಗೆ ಮಾತ್ರ ಹಾಗಾಗಿತ್ತು. ದೀರ್ಘಯಾನಿಗಳ ಮಿದುಳು ತಲೆಬುರುಡೆಯೊಳಗೆ ತುಸು ಮೇಲಕ್ಕೆ ಸರಿದಿತ್ತು. 2023ರಲ್ಲಿ ಬಂದ 30 ಮಂದಿಯ ಅಧ್ಯಯನವು ಮಿದುಳಿನೊಳಗೆ ದ್ರವ ತುಂಬಿರುವ ಕುಹರಗಳನ್ನು ಕುರಿತದ್ದು. ಎರಡು ವಾರದ ಯಾನದಲ್ಲಿ ಅವು ಹೆಚ್ಚು ಬದಲಾಗಲಿಲ್ಲ. ಆರು ತಿಂಗಳ ಯಾನದಲ್ಲಿ ಹಿಗ್ಗಿದವು. ಪೂರ್ವಸ್ಥಿತಿಗೆ ಮರಳಲು ಎರಡು ಯಾನಗಳ ನಡುವೆ ಮೂರು ವರ್ಷಗಳಾದರೂ ಬೇಕಾಗಬಹುದೆಂದು ಕಂಡುಬಂತು. ಆಕಾರ ಬದಲಾಯಿತೆಂದ ಮಾತ್ರಕ್ಕೆ ಬುದ್ಧಿ ಕುಂದಿತೆಂದು ಹೇಳಲಾಗದು. ಅದನ್ನು ಬೇರೆಯಾಗಿಯೇ ಪರೀಕ್ಷಿಸಿ ನೋಡಬೇಕು.

ಕಲಿಕೆಯ ವಿಷಯದಲ್ಲಿ 1998ರ ನ್ಯೂರೋಲ್ಯಾಬ್ ಯಾನವು ಬಹಳ ಬೆಲೆಯುಳ್ಳದ್ದು. ಕೊಲಂಬಿಯ ನೌಕೆಯಲ್ಲಿ ಹದಿನಾರು ದಿನ ನಡೆದ ಈ ಯಾನವು ನರಮಂಡಲದ ಅಧ್ಯಯನಕ್ಕೇ ಮೀಸಲಾಗಿತ್ತು. ಅಲ್ಲಿ ಯಾತ್ರಿಗಳು ಮೇಲಿನಿಂದ ಬಿಟ್ಟ ಚೆಂಡನ್ನು ಹಿಡಿಯಬೇಕಾಗಿತ್ತು. ನೆಲದ ಮೇಲೆ ಬೀಳುವ ಚೆಂಡಿನ ವೇಗ ಕ್ಷಣಕ್ಷಣಕ್ಕೂ ಹೆಚ್ಚುತ್ತದೆ; ನೌಕೆಯೊಳಗೆ ಅದು ಒಂದೇ ವೇಗದಲ್ಲಿ ಸಾಗುತ್ತದೆ. ಇದನ್ನು ಚೆನ್ನಾಗಿ ಬಲ್ಲ ಆ ಯಾತ್ರಿಗಳ ಕೈ ಮಾತ್ರ ಚೆಂಡು ಬರುವುದಕ್ಕೆ ಮೊದಲೇ ಮುಂದಾಗುತ್ತಿತ್ತು. ತಲೆಗೆ ಗೊತ್ತಿದ್ದುದು ಕೈಗೆ ಗೊತ್ತಿರಲಿಲ್ಲ. ದಿನಗಳು ಕಳೆದಂತೆ ಅಭ್ಯಾಸದಿಂದ ಈ ಅಂತರ ಕಡಮೆಯಾಗುತ್ತ ಬಂತು.

ಅದೇ ಯಾನದಲ್ಲಿ ಇಲಿಗಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಮಿದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗವು ಸ್ಮೃತಿಗೂ ದಾರಿಯ ತಿಳಿವಳಿಕೆಗೂ ಮುಖ್ಯವಾದುದು. ಪ್ರಾಣಿಯು ಒಂದು ಗೊತ್ತಾದ ಸ್ಥಳಕ್ಕೆ ಬಂದಾಗ ಮಾತ್ರ ಎಚ್ಚರಗೊಳ್ಳುವ ‘ಸ್ಥಳಕೋಶ’ಗಳು ಅಲ್ಲಿರುತ್ತವೆ. ಇವುಗಳನ್ನು ಕಂಡುಹಿಡಿದ ಜಾನ್ ಓಕೀಫ್ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಯಾನದ ನಾಲ್ಕನೆಯ ದಿನ ಕೆಲವು ಇಲಿಗಳ ಸ್ಥಳಕೋಶಗಳು ಗೊಂದಲಗೊಂಡಿದ್ದವು. ಒಂಬತ್ತನೆಯ ದಿನದ ಹೊತ್ತಿಗೆ ವ್ಯವಸ್ಥಿತವಾಗಿದ್ದವು. ಮೇಲು ಕೆಳಗಿಲ್ಲದ ಲೋಕದ ನಕ್ಷೆಯನ್ನೂ ಮಿದುಳು ಬರೆದುಕೊಳ್ಳಬಲ್ಲುದು ಎಂದಾಯಿತು.

ಆದರೆ ಎಳೆಯ ವಯಸ್ಸಿನ ಮಾತೇ ಬೇರೆ. ಹುಟ್ಟಿ ಎರಡು ವಾರವಾಗಿದ್ದ ಇಲಿಮರಿಗಳು ಆ ಹದಿನಾರು ದಿನಗಳನ್ನು ಭಾರವಿಲ್ಲದೆ ಕಳೆದುವು. ಅಂಗಾತ ಮಲಗಿಸಿದಾಗ ಅವು ಹೊರಳಿ ಏಳುವ ರೀತಿ, ನೆಲಕ್ಕೆ ಮರಳಿ ತಿಂಗಳುಗಳಾದರೂ ನೆಲದಲ್ಲಿ ಬೆಳೆದ ಮರಿಗಳಂತೆ ಆಗಲಿಲ್ಲ. ಕೆಲವು ಪಾಠಗಳಿಗೆ ಹೊತ್ತುಂಟು. ಹೊತ್ತು ಮೀರಿದರೆ ಅವು ಮೊದಲಿನಂತೆ ಹತ್ತುವುದಿಲ್ಲ.

ಇನ್ನು ಮನುಷ್ಯನ ಸ್ಮೃತಿ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಿಲ್ದಾಣದಲ್ಲಿ ಸುಮಾರು ಆರು ತಿಂಗಳಿದ್ದ 25 ಯಾತ್ರಿಗಳಿಗೆ ಯಾನದ ಮೊದಲು, ಮಧ್ಯದಲ್ಲಿ ಮತ್ತು ಅನಂತರ ಒಂದೇ ಬಗೆಯ ಪರೀಕ್ಷೆಗಳನ್ನು ಕೊಡಲಾಯಿತು. ಗ್ರಹಿಸುವ ವೇಗ, ಕೆಲಸದ ಮಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವ ಸ್ಮೃತಿ, ಏಕಾಗ್ರತೆ ಇವುಗಳನ್ನು ಅಳೆಯುವ ಪರೀಕ್ಷೆಗಳಲ್ಲಿ ಅವರು ನಿಧಾನವಾದರು. ಉತ್ತರಗಳ ನಿಖರತೆಯಲ್ಲಿ ಅಂತಹ ಕುಸಿತವಿರಲಿಲ್ಲ. ಶಾಶ್ವತವಾದ ಹಾನಿಯೂ ಕಾಣಲಿಲ್ಲ. ನಿಲ್ದಾಣದಲ್ಲಿ 340 ದಿನಗಳಿದ್ದು 2016ರಲ್ಲಿ ಮರಳಿದ ಸ್ಕಾಟ್ ಕೆಲಿಯವರ ಸಂಗತಿ ಸ್ವಲ್ಪ ಭಿನ್ನ. ನೆಲಕ್ಕೆ ಬಂದ ಮೇಲೆ ಅವರ ವೇಗ, ನಿಖರತೆ ಎರಡೂ ಇಳಿದು, ಆರು ತಿಂಗಳವರೆಗೂ ಹಾಗೆಯೇ ಇದ್ದುವು. ಆದರೆ ಇದು ಒಬ್ಬನೇ ವ್ಯಕ್ತಿಯ ದಾಖಲೆ. ಇದರಿಂದ ಸರ್ವಸಾಮಾನ್ಯ ನಿಯಮವನ್ನು ಕಟ್ಟಲಾಗದು.

ನಿಧಾನಕ್ಕೆ ಭಾರರಾಹಿತ್ಯವೊಂದೇ ಕಾರಣವೆಂದೂ ಹೇಳುವಂತಿಲ್ಲ. ನಿಲ್ದಾಣದಲ್ಲಿ ದಿನಕ್ಕೆ ಹದಿನಾರು ಬಾರಿ ಸೂರ್ಯೋದಯವಾಗುತ್ತದೆ. ಯಾತ್ರಿಗಳ ನಿದ್ರೆ ರಾತ್ರಿಗೆ ಸುಮಾರು ಆರು ಗಂಟೆ ಮಾತ್ರ. ವಿಕಿರಣ, ಯಂತ್ರಗಳ ಸದ್ದು, ಇಂಗಾಲಾಮ್ಲದ ಹೆಚ್ಚಳ, ಏಕಾಂತ ಇವೂ ಸೇರಿಕೊಳ್ಳುತ್ತವೆ. ಇವುಗಳಿಂದ ದ್ರವಗಳ ಚಲನೆಯ ಪರಿಣಾಮವನ್ನು ಬೇರ್ಪಡಿಸಿ ನೋಡಲು, ಸ್ವಯಂಸೇವಕರನ್ನು ತಲೆ ಆರು ಡಿಗ್ರಿ ತಗ್ಗಾಗಿರುವ ಮಂಚದ ಮೇಲೆ ವಾರಗಟ್ಟಲೆ ಮಲಗಿಸಿ ವಿಜ್ಞಾನಿಗಳು ಪರೀಕ್ಷಿಸುತ್ತಾರೆ.

ನಮ್ಮ ದೇಶದ ಶುಭಾಂಶು ಶುಕ್ಲಾ ಅವರು 2025ರ ಜೂನ್–ಜುಲೈ ತಿಂಗಳುಗಳಲ್ಲಿ ನಿಲ್ದಾಣದಲ್ಲಿದ್ದಾಗ, ಭಾರವಿಲ್ಲದ ಸ್ಥಿತಿಯಲ್ಲಿ ಗಣಕಯಂತ್ರದ ಪರದೆಯ ಬಳಕೆ ಹೇಗಾಗುತ್ತದೆಂಬ ಪ್ರಯೋಗವನ್ನೂ ನಡೆಸಿದರು. ಅದನ್ನು ರೂಪಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಮರಳಿ ಬಂದ ಮೇಲೆ ಅವರು ಲ್ಯಾಪ್‌ಟಾಪನ್ನು ಮುಚ್ಚಿ ಹಾಸಿಗೆಯ ಪಕ್ಕದ ಗಾಳಿಯಲ್ಲಿ ಬಿಟ್ಟರಂತೆ, ತೇಲುವುದೆಂಬ ಭಾವದಿಂದ. ಅದು ನೆಲಕ್ಕೆ ಬಿತ್ತು. ಇಪ್ಪತ್ತು ದಿನಗಳ ಹೊಸ ಪಾಠವು ನಲವತ್ತು ವರ್ಷಗಳ ಹಳೆಯ ಪಾಠದ ಮೇಲೆ ಬಂದು ಕುಳಿತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಂಗಳಗ್ರಹಕ್ಕೆ ಹೋಗಲು ಆರರಿಂದ ಒಂಬತ್ತು ತಿಂಗಳು ಬೇಕು. ಭೂಮಿಗೆ ಇಳಿದವರನ್ನು ಕೈಹಿಡಿದು ಎಬ್ಬಿಸಲು ವೈದ್ಯರಿರುತ್ತಾರೆ. ಅಲ್ಲಿ ಇಳಿದವರಿಗೆ ಯಾರೂ ಇಲ್ಲ. ಭೂಮಿಯ ಐದರಲ್ಲಿ ಎರಡು ಪಾಲಿಗೂ ತುಸು ಕಡಮೆಯಾದ ಅಲ್ಲಿನ ಸೆಳೆತವನ್ನು ಮಿದುಳು ಮತ್ತೆ ಹೊಸದಾಗಿ ಕಲಿಯುತ್ತಿರುವ ಆ ಮೊದಲ ಗಂಟೆಗಳಲ್ಲಿಯೇ ಅವರು ನೌಕೆಯನ್ನೂ ಪ್ರಾಣವನ್ನೂ ಕಾಪಾಡಿಕೊಳ್ಳಬೇಕು. ಆಗ ನಿಧಾನವೆಂಬುದು ಸಣ್ಣ ದೋಷವಾಗಿ ಉಳಿಯುವುದಿಲ್ಲ.

ತರಗತಿಯಲ್ಲಿ ಅಂತಹ ಅವಸರವಿಲ್ಲ. ಇಷ್ಟು ಪ್ರಯೋಗಗಳಿಂದ ತಿಳಿದು ಬರುವುದೇನೆಂದರೆ, ಪರಿಸ್ಥಿತಿ ಬದಲಾದಾಗ ಒಳ್ಳೆಯ ತರಬೇತಿ ಪಡೆದ ಮಿದುಳಿಗೂ ವೇಗ ತಗ್ಗುತ್ತದೆ, ತಿಳಿವಳಿಕೆ ಮಾತ್ರ ಉಳಿದಿರುತ್ತದೆ. ಹೊಸ ಶಾಲೆಗೆ ಬಂದ ಮಗು, ಜ್ವರದಿಂದ ಎದ್ದು ಬಂದ ಮಗು, ರಾತ್ರಿ ನಿದ್ರೆಗೆಟ್ಟ ಮಗು ಉತ್ತರಿಸಲು ತಡಮಾಡಿದರೆ ‘ಬಾರದು’ ಎಂದು ಗುರುತು ಹಾಕುವ ಮೊದಲು ಇನ್ನೆರಡು ನಿಮಿಷ ಕಾದು ನೋಡುವುದು ನ್ಯಾಯ.