ಒಂಟೆಗೂದಲು: ಹೆಸರು ಮತ್ತು ವಸ್ತು

ಬ್ಯಾಂಕಿನವರು ವ್ಯವಹರಿಸುವುದು ಕಾಗದಪತ್ರಗಳೊಡನೆ, ಸರಕಿನೊಡನೆ ಅಲ್ಲ. ಬೀಜಕದಲ್ಲಿ ‘ಕ್ಯಾಮಲ್ ಹೇರ್ ಬ್ರಷ್’ ಎಂದಿದ್ದು, ಲೆಟರ್ ಆಫ್ ಕ್ರೆಡಿಟ್‌ನಲ್ಲಿಯೂ ಹಾಗೆಯೇ ಇದ್ದರೆ ನಮ್ಮ ಕರ್ತವ್ಯ ಮುಗಿಯಿತು. ಆ ಕುಂಚದಲ್ಲಿ ಒಂಟೆಯ ಕೂದಲು ಇದೆಯೇ ಎಂದು ವಿಚಾರಿಸುವ ಹೊಣೆ ನಮ್ಮದಲ್ಲ. ಆದರೆ ಅಭ್ಯಾಸಿಯಾದವನಿಗೆ ಈ ವಿನಾಯಿತಿ ಸಲ್ಲದು. ವಿಚಾರಿಸಿದರೆ ಒಂಟೆಯ ಕೂದಲು ಅದರಲ್ಲಿ ಇಲ್ಲವೆಂದೇ ತಿಳಿಯುತ್ತದೆ.

ನೀರುಬಣ್ಣದ ಕುಂಚಕ್ಕೆ ಬೇಕಾದುದು ನೇರವಾಗಿದ್ದು ತುದಿಯಲ್ಲಿ ಸೂಕ್ಷ್ಮವಾಗುವ, ಬಣ್ಣದ ನೀರನ್ನು ಹಿಡಿದಿಡುವ ಕೂದಲು. ಒಂಟೆಯದಾದರೋ ಉಣ್ಣೆಯಂತೆ ಸುರುಳಿಗೊಳ್ಳುವುದು, ಒದ್ದೆಯಾದಾಗ ಮೊನೆಗೂಡದು. ಆದುದರಿಂದ ಆ ಹೆಸರಿನಲ್ಲಿ ಮಾರಾಟವಾಗುವುದು ಅಳಿಲಿನ ಕೂದಲು. ಅಗ್ಗದ ಮಾಲಿನಲ್ಲಿ ಮೇಕೆಯದೋ ಕುದುರೆಯದೋ ಬೆರೆತಿರುತ್ತದೆ. ಒಂಟೆಗಳ ನಾಡಾದ ರಾಜಸ್ಥಾನದ ಕಿರುಚಿತ್ರಕಾರರು ಸಹ ಕುಂಚಕ್ಕೆ ಆರಿಸಿದುದು ಅಳಿಲಿನ ಬಾಲವನ್ನೇ.

ಒಂಟೆಗೂದಲಿನ ನಿಜವಾದ ಕ್ಷೇತ್ರ ಬಟ್ಟೆ. ಮಂಗೋಲಿಯ ಮತ್ತು ಚೀನದ ಒಳಮಂಗೋಲಿಯಗಳ ಎರಡು ಡುಬ್ಬದ ಒಂಟೆಗೆ ಹೊರಗೆ ಒರಟು ಕೂದಲು, ಒಳಗೆ ಸುಮಾರು 20 ಮೈಕ್ರಾನ್ ದಪ್ಪದ ಮೃದುವಾದ ತುಪ್ಪುಳು. ವಸಂತದಲ್ಲಿ ಇವು ಗಂಟುಗಂಟಾಗಿ ಉದುರುತ್ತವೆ. ಬಾಚಿಯೂ ಕೈಯಿಂದ ಆಯ್ದೂ ಕೂಡಿಸಿದರೆ ಒಂದು ಒಂಟೆಯಿಂದ ವರ್ಷಕ್ಕೆ ಸುಮಾರು 5 ಕಿಲೊ. ಒರಟನ್ನು ಬೇರ್ಪಡಿಸಿದ ಮೇಲೆ ಉಳಿಯುವ ತುಪ್ಪುಳಿನಿಂದಲೇ ಬೆಲೆಬಾಳುವ ಮೇಲಂಗಿಗಳ ಬಟ್ಟೆಯನ್ನು ನೇಯುವುದು. ಹಗುರ, ಆದರೂ ಬಹಳ ಬೆಚ್ಚಗೆ. ಅದರ ಹೊಂಗಂದು ಬಣ್ಣವನ್ನು ಸಾಮಾನ್ಯವಾಗಿ ಹಾಗೆಯೇ ಉಳಿಸುತ್ತಾರೆ.

ಹದಿಮೂರನೆಯ ಶತಮಾನದಲ್ಲಿ ಮಾರ್ಕೊ ಪೋಲೊ ಬಿಳಿ ಒಂಟೆಯುಣ್ಣೆಯ ‘ಕ್ಯಾಮ್ಲೆಟ್’ ಬಟ್ಟೆಯನ್ನು ಕೊಂಡಾಡಿದನು. ಮುಂದೆ ಅದೇ ಹೆಸರಿನಲ್ಲಿ ಆಡಿನ ಕೂದಲಿನ ಮತ್ತು ರೇಷ್ಮೆಯ ಬಟ್ಟೆಗಳೂ ಬಂದವು. ಆ ಶಬ್ದಕ್ಕೂ ಒಂಟೆಗೂ ಮೂಲದಲ್ಲಿ ಸಂಬಂಧವೇ ಇಲ್ಲ, ಅದು ಅರಬ್ಬಿಯಿಂದ ಬಂದ, ಬಟ್ಟೆಯ ನವಿರನ್ನು ಸೂಚಿಸುವ ಶಬ್ದ ಎಂಬ ಅಭಿಪ್ರಾಯವೂ ಇದೆ. ಹೆಸರಿನ ಗೊಂದಲ ಹೊಸದೇನಲ್ಲ! ಬಟ್ಟೆಯ ಮಟ್ಟಿಗೆ ಅಮೆರಿಕವು 1939ರ ಉಣ್ಣೆ ಕಾಯದೆಯಿಂದ ಇದಕ್ಕೆ ಕಟ್ಟು ಹಾಕಿತು. ಒಂಟೆಗೂದಲೆಂದು ಚೀಟಿಯಲ್ಲಿ ಹೇಳಿದರೆ ಶೇಕಡಾ ಪ್ರಮಾಣವನ್ನೂ ಹೇಳಬೇಕು. ಕುಂಚಗಳು ಆ ಕಾಯದೆಯ ವ್ಯಾಪ್ತಿಗೆ ಬಾರವು.

ನಮ್ಮ ರಾಜಸ್ಥಾನದ ಒಂಟಿ ಡುಬ್ಬದ ಒಂಟೆಯ ಕೂದಲು ಕಡಿಮೆ, ಒರಟು. ರಾಯಿಕ ಜನರು ಅದನ್ನು ಕತ್ತರಿಸುತ್ತಾರೆ, ಅದು ಹಗ್ಗ, ಚೀಲ, ಹಾಸುಗಳಾಗುತ್ತದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಒಂಟೆಗಳು ಸುಮಾರು 2.5 ಲಕ್ಷ, 2012ಕ್ಕಿಂತ ಶೇಕಡಾ 37ರಷ್ಟು ಕಡಿಮೆ. ಅಂಗಡಿಯಲ್ಲಿ ಒಂಟೆಯ ಹೆಸರಿಗೆ ಬೆಲೆಯಿದೆ. ಆ ಬೆಲೆಯಲ್ಲಿ ಒಂಟೆ ಸಾಕುವವನಿಗೆ ಪಾಲಿಲ್ಲ.

ಹಿಂದೊಮ್ಮೆ ಅನುವಾದವೊಂದರಲ್ಲಿ ನಾನೂ ‘ಒಂಟೆಗೂದಲ ಕುಂಚ’ ಎಂದು ಬರೆದಿದ್ದೆನು. ಅದನ್ನು ‘ಅಳಿಲುಗೂದಲ ಕುಂಚ’ ಎಂದು ಈಗ ತಿದ್ದಿಕೊಂಡಿದ್ದೇನೆ.